ದಿನವೂ ನಿತ್ಯವೂ: ಜನಸಾಮಾನ್ಯರ ಬಾಳಿನ ಶೋಧನೆಯನ್ನು ಕುರಿತ ವಿಮರ್ಶೆ

1

ಅರಸರ ಚರಿತ್ರೆಗೆ ಶಾಸನಗಳುಂಟು. ಮತಾಚಾರ್ಯರ ಚರಿತ್ರೆಗೆ ಪುರಾಣಗಳುಂಟು. ಕವಿಗಳ ವಿಚಾರಕ್ಕೆ ಅವರ ಕಾವ್ಯಗಳ ಪೀಠಿಕಾಸಂಧಿಗಳಾದರೂ ಉಂಟು. ಬೆಳಗಾಗುತ್ತಲೆ ಎದ್ದು ಒಲೆ ಹಚ್ಚಿ, ದುಡಿಮೆಗೆ ಹೋಗಿ, ಸಂಜೆ ಹಿಂದಿರುಗಿ, ನೆರೆಯವರೊಡನೆ ನಾಲ್ಕು ಮಾತಾಡಿ ಮಲಗುವ ಜನರ ಚರಿತ್ರೆಗೆ ಆಕರವಾವುದು? ಕಳೆದ ಎರಡು ಶತಮಾನಗಳಲ್ಲಿ ಈ ಪ್ರಶ್ನೆಗೆ ಉತ್ತರವಾಗಿ ಸಮಾಜಶೋಧನೆಯೆಂಬ ಒಂದು ವಿದ್ಯೆ ಬೆಳೆದಿದೆ. ಅದರ ಇತಿಹಾಸವನ್ನು ಸಾಮಾನ್ಯವಾಗಿ ಸಮಾಜಶಾಸ್ತ್ರಜ್ಞರೇ ಬರೆಯುತ್ತಾರೆ. ಅವರ ಲಕ್ಷ್ಯವು ಅಂಕಿಸಂಖ್ಯೆಗಳ ಕಡೆಗೂ ವಿಧಾನದ ಶುದ್ಧಿಯ ಕಡೆಗೂ ಇರುವುದು ಸಹಜ. ಆದರೆ ಈ ಶೋಧನೆಯ ಫಲವು ಕೊನೆಗೆ ಬರಹವಾಗಿಯೇ ಕೈಸೇರುವುದರಿಂದ, ಬರಹವನ್ನು ಪರೀಕ್ಷಿಸುವುದೇ ವೃತ್ತಿಯಾದ ಸಾಹಿತ್ಯವಿಮರ್ಶಕರಿಗೂ ಇಲ್ಲಿ ಒಂದು ಅಧಿಕಾರವುಂಟು. ಬರೆದವರು ಯಾರು, ಎಂದು ಬರೆದರು, ಯಾರ ಮಾತನ್ನು ಯಾರ ಬಾಯಿಂದ ಹೇಳಿಸಿದರು ಎಂಬ ಪ್ರಶ್ನೆಗಳು ಅವರಿಗೆ ಹೊಸವಲ್ಲ.

1976ನೆಯ ಇಸವಿಯಲ್ಲಿ ಎರಡು ಗ್ರಂಥಗಳು ಪ್ರಕಟವಾದುವು. ಒಂದು ಇಂಗ್ಲೆಂಡಿನ ಟಾಮ್ ಹ್ಯಾರಿಸನ್ನರ 'ಲಿವಿಂಗ್ ಥ್ರೂ ದಿ ಬ್ಲಿಟ್ಸ್'; ಎರಡನೆಯ ಮಹಾಯುದ್ಧದಲ್ಲಿ ಜರ್ಮನರ ವಿಮಾನಗಳು ಬಾಂಬು ಸುರಿಸುತ್ತಿದ್ದಾಗ ಬ್ರಿಟನ್ನಿನ ಜನ ಹೇಗೆ ಬಾಳಿದರೆಂಬುದು ಅದರ ವಸ್ತು. ಮತ್ತೊಂದು ಮೈಸೂರಿನ ಎಂ. ಎನ್. ಶ್ರೀನಿವಾಸರ 'ದಿ ರಿಮೆಂಬರ್ಡ್ ವಿಲೇಜ್'. 'ನೆನಪಿನಲ್ಲುಳಿದ ಹಳ್ಳಿ' ಎಂದು ಅದರ ಹೆಸರಿನ ಅರ್ಥ. ಮೊದಲನೆಯದು, ಜನರ ನೆನಪನ್ನು ನಂಬಬಾರದು, ಅಂದಂದಿಗೆ ಬರೆದಿಟ್ಟದ್ದನ್ನು ಮಾತ್ರ ನಂಬಬೇಕು ಎಂದು ವಾದಿಸುತ್ತದೆ. ಎರಡನೆಯದು ನೆನಪನ್ನೇ ಆಧಾರವಾಗಿ ಇಟ್ಟುಕೊಂಡು ಹೊರಟಿದೆ. ಎರಡೂ ಸಾಧಾರಣ ಜನರ ಬಾಳನ್ನು ಕುರಿತವು. ಎರಡೂ ಕ್ಷೇತ್ರದಲ್ಲಿ ಬಹುಕಾಲ ದುಡಿದವರ ಕೃತಿಗಳು. ಹೀಗಿರಲಾಗಿ ಇವುಗಳ ವಿರೋಧವು ಬರಿಯ ಆಕಸ್ಮಿಕವಲ್ಲ. ಈ ವಿದ್ಯೆಯ ಮರ್ಮವೇ ಅದರಲ್ಲಿ ಅಡಗಿದೆ. ಅದನ್ನು ಬಿಡಿಸಬೇಕಾದರೆ ಹ್ಯಾರಿಸನ್ನರು ಯಾವ ಪರಂಪರೆಯಿಂದ ಬಂದವರೆಂಬುದನ್ನು ಮೊದಲು ನೋಡಬೇಕು.

2

ಈ ಪರಂಪರೆಯ ಆರಂಭದಲ್ಲಿ ಹೆನ್ರಿ ಮೇಹ್ಯೂ ಎಂಬ ಪತ್ರಿಕಾಕರ್ತರು ನಿಲ್ಲುತ್ತಾರೆ. 1849–50ರಲ್ಲಿ 'ಮಾರ್ನಿಂಗ್ ಕ್ರಾನಿಕಲ್' ಪತ್ರಿಕೆಗಾಗಿ ಲಂಡನ್ನಿನ ಬಡವರನ್ನು ಕಂಡು ಮಾತಾಡಿಸಿ ಬರೆದ ಲೇಖನಗಳೇ ಬೆಳೆದು 'ಲಂಡನ್ ಲೇಬರ್ ಅಂಡ್ ದಿ ಲಂಡನ್ ಪೂರ್' ಎಂಬ ಗ್ರಂಥವಾದುವು. ಬೀದಿಯಲ್ಲಿ ಸೊಪ್ಪು ಮಾರುವ ಎಂಟು ವರ್ಷದ ಹುಡುಗಿಯೊಬ್ಬಳ ಮಾತನ್ನು ಅವಳ ಬಾಯಿಂದಲೇ ಹೇಳಿಸಿದ ಭಾಗವು ಇಂದಿಗೂ ಓದುಗರ ಮನಸ್ಸನ್ನು ಕಲಕುತ್ತದೆ. ಆದರೆ ಆ ಮಾತು ಗ್ರಂಥಕ್ಕೆ ಬರುವ ಮುನ್ನ ಮೇಹ್ಯೂ ಅವರ ಲೇಖನಿಯನ್ನು ಹಾದು ಬಂದಿತು. ಪ್ರಶ್ನೆಗಳನ್ನು ತೆಗೆದುಹಾಕಿ ಉತ್ತರಗಳನ್ನು ಮಾತ್ರ ಒಂದಾಗಿ ಹೆಣೆದುದರಿಂದ ಅದು ಸ್ವಗತದಂತೆ ಕೇಳಿಸುತ್ತದೆ. ಕೇಳಿದವನು ಮರೆಯಾದನು, ಹೇಳಿದವಳು ತಾನಾಗಿ ಹೇಳಿದಂತೆ ಕಂಡಳು. ಇದು ನಾಟಕಕಾರನ ಕೌಶಲ. ಮೇಹ್ಯೂ ನಾಟಕಗಳನ್ನೂ ಬರೆದವರೆಂಬುದನ್ನು ಇಲ್ಲಿ ಮರೆಯಬಾರದು.

ಮುಂದಿನ ತಲೆಮಾರಿನ ಚಾರ್ಲ್ಸ್ ಬೂತರು ಈ ಕೌಶಲವನ್ನು ನೆಚ್ಚಲಿಲ್ಲ. ಹಡಗಿನ ವ್ಯಾಪಾರಿಯಾಗಿದ್ದ ಅವರಿಗೆ ಲೆಕ್ಕ ಬೇಕಾಗಿತ್ತು. 1889ರಿಂದ 1903ರ ವರೆಗೆ ಪ್ರಕಟವಾದ ಅವರ ಲಂಡನ್ ಶೋಧನೆಯು 17 ಸಂಪುಟಗಳಷ್ಟಾಯಿತು. ಪ್ರತಿಯೊಂದು ಬೀದಿಗೂ ಅಲ್ಲಿನ ಜನರ ಸ್ಥಿತಿಗತಿಗೆ ತಕ್ಕ ಬಣ್ಣವನ್ನು ಹಚ್ಚಿದ ನಕ್ಷೆಗಳು ಇದರ ಕೀರ್ತಿಗೆ ಕಾರಣ: ಕಡುಬಡವರ ಬೀದಿಗೆ ಕಪ್ಪು, ಸಿರಿವಂತರ ಬೀದಿಗೆ ಹಳದಿ, ನಡುವೆ ನೀಲಿ, ಊದಾ, ಗುಲಾಬಿ, ಕೆಂಪು. ಬಡತನವು ಕಣ್ಣಿಗೆ ಕಾಣುವಂತಾಯಿತು ಎಂಬುದು ನಿರ್ವಿವಾದ. ಆದರೆ ಆ ಮನೆಗಳ ವಿವರಗಳನ್ನು ಬಹುಮಟ್ಟಿಗೆ ಕೊಟ್ಟವರು ಮಕ್ಕಳ ಶಾಲೆಯ ಹಾಜರಿಯನ್ನು ವಿಚಾರಿಸಲು ಮನೆಮನೆಗೆ ಹೋಗುತ್ತಿದ್ದ ಅಧಿಕಾರಿಗಳೇ ಹೊರತು ಮನೆಯವರಲ್ಲ. ಮೇಹ್ಯೂ ಅವರಲ್ಲಿ ಬಡವರು ಇನ್ನೊಬ್ಬರ ಲೇಖನಿಯಿಂದಲಾದರೂ ಮಾತಾಡಿದ್ದರು. ಬೂತರ ನಕ್ಷೆಯಲ್ಲಿ ಅವರು ಬಣ್ಣವಾದರು.

ಲೆಕ್ಕವನ್ನೂ ಮಾತನ್ನೂ ಕೂಡಿಸಲು ಯತ್ನಿಸಿದ ಕೃತಿಯೊಂದು ಆಸ್ಟ್ರಿಯಾದಲ್ಲಿ ಹುಟ್ಟಿತು. ಮರಿಯೆಂಟಾಲ್ ಎಂಬ ಊರಿನ ಗಿರಣಿ ಮುಚ್ಚಿ ಊರಿಗೆ ಊರೇ ನಿರುದ್ಯೋಗಕ್ಕೆ ಬಿದ್ದಾಗ, ಮರೀ ಯಹೋಡಾ, ಪಾಲ್ ಲಾಜಾರ್ಸ್‌ಫೆಲ್ಡ್, ಹಾನ್ಸ್ ಟ್ಸೈಸೆಲ್ ಎಂಬ ಮೂವರು ನಡೆಸಿದ ಶೋಧನೆಯು 1933ರಲ್ಲಿ ಪ್ರಕಟವಾಯಿತು. ಅವರು ಬೀದಿಯಲ್ಲಿ ಜನರ ನಡಿಗೆಯ ವೇಗವನ್ನು ಅಳೆದರು. ಗಂಡಸರು ಎಷ್ಟು ಸಲ ಸುಮ್ಮನೆ ನಿಲ್ಲುತ್ತಾರೆಂಬುದನ್ನು ಎಣಿಸಿದರು. ಬಿಡುವು ಹೆಚ್ಚಿದರೂ ಪುಸ್ತಕಭಂಡಾರದಿಂದ ಓದಲು ಒಯ್ಯುವುದು ಇಳಿದುಹೋದುದನ್ನು ಕಂಡುಕೊಂಡರು. ದಿನವೆಲ್ಲ ಏನು ಮಾಡಿದಿರಿ ಎಂದು ಬರೆದುಕೊಡಲು ಕೇಳಿದಾಗ ಗಂಡಸರಿಗೆ ಹೇಳಲು ಏನೂ ತೋರಲಿಲ್ಲ. ಹೊತ್ತು ಇದ್ದೂ ದಿನವಿಲ್ಲದಂತಾದ ಸ್ಥಿತಿ ಅದು. ಕೆಲಸ ಹೋದರೆ ಕೂಲಿಯೊಡನೆ ಕಾಲದ ಕಟ್ಟೂ ಹೋಗುತ್ತದೆ ಎಂಬ ಈ ಸಂಶೋಧನೆಯು ಬರಿಯ ಅಂಕಿಗಳಿಂದ ಹೊರಡುವಂಥದಲ್ಲ.

3

ಇಂಥ ಹಿನ್ನೆಲೆಯಲ್ಲಿ 1937ರಲ್ಲಿ ಇಂಗ್ಲೆಂಡಿನಲ್ಲಿ 'ಮಾಸ್-ಅಬ್ಸರ್ವೇಷನ್' ಎಂಬ ಸಂಸ್ಥೆ ಹುಟ್ಟಿತು. ಇದನ್ನು ಕನ್ನಡದಲ್ಲಿ 'ಜನಾವಲೋಕನ'ವೆಂದು ಕರೆಯಬಹುದು. ಈ ಕನ್ನಡದ ಹೆಸರಿನಲ್ಲಿ ಒಂದು ಶ್ಲೇಷೆಯುಂಟು. ಜನರನ್ನು ಅವಲೋಕಿಸುವುದೋ, ಜನರೇ ಅವಲೋಕಿಸುವುದೋ? ಇಂಗ್ಲಿಷ್ ಹೆಸರಿನಲ್ಲಿಯೂ ಇದೇ ಶ್ಲೇಷೆಯಿದೆ. ಸಂಸ್ಥೆಯ ಗುಣವೂ ದೋಷವೂ ಅದರಿಂದಲೇ ಹುಟ್ಟಿದುವು.

1936ರ ಡಿಸೆಂಬರಿನಲ್ಲಿ ಎಂಟನೆಯ ಎಡ್ವರ್ಡನು ಸಿಂಹಾಸನವನ್ನು ತ್ಯಜಿಸಿದಾಗ, ಜನ ಏನು ಯೋಚಿಸುತ್ತಿದ್ದಾರೆಂಬುದು ಪತ್ರಿಕೆಗಳಿಗಾಗಲಿ ಪಾರ್ಲಿಮೆಂಟಿಗಾಗಲಿ ತಿಳಿಯದೆಂಬ ಭಾವನೆ ಹಲವರಲ್ಲಿ ಹುಟ್ಟಿತು. ಕವಿಯೂ ಪತ್ರಿಕೆಯೊಂದರ ವರದಿಗಾರರೂ ಆಗಿದ್ದ ಚಾರ್ಲ್ಸ್ ಮ್ಯಾಜ್ ಅವರು 1937ರ ಜನವರಿ 2ರ 'ನ್ಯೂ ಸ್ಟೇಟ್ಸ್‌ಮನ್' ಪತ್ರಿಕೆಯಲ್ಲಿ, ಸ್ವದೇಶದ ಜನರನ್ನೇ ಮಾನವಶಾಸ್ತ್ರದ ದೃಷ್ಟಿಯಿಂದ ನೋಡಬೇಕೆಂದು ಪತ್ರ ಬರೆದರು. ಅದೇ ಸಂಚಿಕೆಯ ಅದೇ ಪುಟದಲ್ಲಿ ಹ್ಯಾರಿಸನ್ನರ ಪದ್ಯವೊಂದು ಅಚ್ಚಾಗಿತ್ತು. ಹ್ಯಾರಿಸನ್ನರು ಶಾಂತಸಾಗರದ ನ್ಯೂ ಹೆಬ್ರೈಡ್ಸ್ ದ್ವೀಪಗಳಲ್ಲಿ, ಎಂದರೆ ಇಂದಿನ ವನುವಾಟುವಿನಲ್ಲಿ, ಅಲ್ಲಿಯ ಜನರೊಡನೆ ಬಾಳಿ ಹಿಂದಿರುಗಿದ್ದರು. ಚಲಚ್ಚಿತ್ರಕಾರರೂ ಚಿತ್ರಕಾರರೂ ಆದ ಹಂಫ್ರಿ ಜೆನ್ನಿಂಗ್ಸ್ ಸೇರಿ ಮೂವರಾದರು. ಜನವರಿ 30ರಂದು ಮೂವರ ಸಹಿಯಿಂದ ಹೊರಟ ಪತ್ರವು ಸಂಸ್ಥೆಯ ಉದ್ಘಾಟನೆಯಾಯಿತು. ಯುದ್ಧಸ್ಮಾರಕಗಳ ಮುಂದೆ ಜನರ ನಡತೆ, ವಾಹನ ನಡೆಸುವವರ ಕೂಗು ಮತ್ತು ಕೈಸನ್ನೆ, ಕಾಲ್ಚೆಂಡಾಟದ ಪಣ, ಸ್ನಾನದ ಮನೆಯ ಅಭ್ಯಾಸ, ಯೆಹೂದ್ಯರ ಮೇಲಿನ ದ್ವೇಷ, ಶವಸಂಸ್ಕಾರ, ಊಟದಲ್ಲಿ ಹೆಂಗಸರ ವಿಧಿನಿಷೇಧಗಳು: ಹೀಗೆ ಅವರು ಕೊಟ್ಟ ವಿಷಯಗಳ ಪಟ್ಟಿಯು ಶಾಸ್ತ್ರದ ಅನುಕ್ರಮಣಿಕೆಯಂತಿರದೆ ಕವಿಯ ಕಲ್ಪನೆಯಂತಿತ್ತು. ಅಕ್ಕಪಕ್ಕದಲ್ಲಿ ಎಂದೂ ಕೂಡಿರದ ವಸ್ತುಗಳನ್ನು ಕೂಡಿಸಿ ಬೆರಗು ಹುಟ್ಟಿಸುವುದು ಆ ಕಾಲದ ಯೂರೋಪಿನ ಅತಿವಾಸ್ತವವಾದಿಗಳ ಮಾರ್ಗ. ಜೆನ್ನಿಂಗ್ಸರು ಆ ಪಂಥಕ್ಕೆ ಸೇರಿದವರು.

ಕೆಲಸವು ಮೊದಲಿನಿಂದಲೇ ಎರಡು ಕವಲಾಗಿ ಹರಿಯಿತು. ಹ್ಯಾರಿಸನ್ನರು ಹತ್ತಿಗಿರಣಿಗಳ ಊರಾದ ಬೋಲ್ಟನ್ನಿನಲ್ಲಿ ಒಂದು ಮನೆ ಹಿಡಿದು, ತರುಣರ ಗುಂಪನ್ನು ಕೂಡಿಸಿ, ಊರಿಗೆ 'ವರ್ಕ್‌ಟೌನ್' ಎಂಬ ಮಾರುಹೆಸರಿಟ್ಟು, ಜನರಿಗೆ ತಿಳಿಯದಂತೆ ಅವರನ್ನು ನೋಡತೊಡಗಿದರು. ಹಂಫ್ರಿ ಸ್ಪೆಂಡರ್ ಅವರು ಕ್ಯಾಮರಾವನ್ನು ಕೋಟಿನೊಳಗೆ ಮರೆಮಾಡಿಕೊಂಡು ಛಾಯಾಚಿತ್ರಗಳನ್ನು ತೆಗೆದರು. ಹ್ಯಾರಿಸನ್ನರು ಹರೆಯದಲ್ಲಿ ಪಕ್ಷಿಶಾಸ್ತ್ರದ ಆಸಕ್ತರು. 1931ರಲ್ಲಿ ನೂರಾರು ಮಂದಿ ಸ್ವಯಂಸೇವಕರ ನೆರವಿನಿಂದ ಬ್ರಿಟನ್ನಿನ ಒಂದು ಬಗೆಯ ನೀರುಹಕ್ಕಿಗಳ ಗಣತಿಯನ್ನು ನಡೆಸಿದ್ದರು. ಹಕ್ಕಿಯನ್ನು ನೋಡುವ ಕಣ್ಣಿನಿಂದಲೇ ಅವರು ಮನುಷ್ಯನನ್ನೂ ನೋಡಿದರು. ಲಂಡನ್ನಿನಲ್ಲಿದ್ದ ಮ್ಯಾಜ್ ಅವರಾದರೋ ದೇಶದ ನಾನಾ ಕಡೆಯ ಸ್ವಯಂಸೇವಕರಿಗೆ ಪತ್ರ ಬರೆದು, ಪ್ರತಿ ತಿಂಗಳ 12ರಂದು ಎದ್ದಾಗಿನಿಂದ ಮಲಗುವವರೆಗೆ ತಮ್ಮ ದಿನವನ್ನು ತಾವೇ ಬರೆದು ಕಳುಹಿಸುವಂತೆ ಕೇಳಿದರು. ಒಂದು ಕವಲಿನಲ್ಲಿ ಸಾಮಾನ್ಯನು ನೋಟಕ್ಕೆ ವಸ್ತು. ಇನ್ನೊಂದರಲ್ಲಿ ಅವನೇ ನೋಡುವವನು.

4

ಬೋಲ್ಟನ್ನಿನ ಕೆಲಸದಿಂದ ಹೊರಟ ಮುಖ್ಯ ಗ್ರಂಥ 1943ರ 'ದಿ ಪಬ್ ಅಂಡ್ ದಿ ಪೀಪಲ್'. ಪಾನಗೃಹಗಳಲ್ಲಿ ಯಾರು ಎಲ್ಲಿ ಕೂಡುತ್ತಾರೆ, ಒಂದು ಗ್ಲಾಸು ಮುಗಿಸಲು ಎಷ್ಟು ಹೊತ್ತು ಹಿಡಿಯುತ್ತದೆ, ಏನು ಮಾತಾಡುತ್ತಾರೆ ಎಂಬುದನ್ನೆಲ್ಲ ಇದರಲ್ಲಿ ಬರೆದಿಟ್ಟಿದೆ. ಒಂದು ಮೇಜಿನ ಸುತ್ತ ಕೂಡಿದವರು ಒಬ್ಬರಿಗೊಬ್ಬರು ಸಮನಾಗಿ ಕುಡಿಯುತ್ತ ಬಂದು ಹೆಚ್ಚುಕಡಿಮೆ ಒಟ್ಟಿಗೆ ಮುಗಿಸುತ್ತಾರೆಂಬ ಅವಲೋಕನೆಯು ಸ್ವಾರಸ್ಯವಾದುದು. ಗೆಳೆತನಕ್ಕೆ ಲಯವುಂಟೆಂಬುದು ಅದರಿಂದ ತಿಳಿಯುತ್ತದೆ. ಕುಡಿಯುವವರನ್ನು ಕೇಳಿದ್ದರೆ ಅವರೇ ಇದನ್ನು ಹೇಳಲಾರರು. ಮರೆಯಲ್ಲಿ ನಿಂತು ನೋಡುವುದರ ಪ್ರಯೋಜನ ಇದು. ಆದರೆ ಅದರ ಮಿತಿಯೂ ಇಲ್ಲಿಯೇ ಇದೆ. ಆ ಮೇಜಿನಲ್ಲಿ ಒಬ್ಬನು ಏಕೆ ಸುಮ್ಮನಿದ್ದನೆಂಬುದನ್ನು ಗಡಿಯಾರ ಹೇಳದು. ಇನ್ನೊಬ್ಬರ ಮಾತನ್ನು ಅವರ ಅರಿವಿಲ್ಲದೆ ಬರೆದುಕೊಳ್ಳುವುದು ನ್ಯಾಯವೇ ಎಂಬ ಪ್ರಶ್ನೆ ಬೇರೆ. ಹಕ್ಕಿಗಳನ್ನು ಎಣಿಸುವವನಿಗೆ ಈ ಪ್ರಶ್ನೆ ಏಳುವುದಿಲ್ಲ. ಹಕ್ಕಿಯು ತನ್ನ ದಿನವನ್ನು ತಾನೇ ಬರೆಯಲಾರದು. ಮನುಷ್ಯನು ಬರೆಯಬಲ್ಲನು.

ಆ ಬರಹಗಳಿಂದ ಹುಟ್ಟಿದ ಮೊದಲ ಗ್ರಂಥ 'ಮೇ ದಿ ಟ್ವೆಲ್ಫ್ತ್'. 1937ರ ಮೇ 12 ಆರನೆಯ ಜಾರ್ಜನ ಪಟ್ಟಾಭಿಷೇಕದ ದಿನ. ಇನ್ನೂರಕ್ಕೂ ಮೇಲ್ಪಟ್ಟು ಅವಲೋಕನಕಾರರು ಆ ದಿನ ತಾವು ಕಂಡದ್ದನ್ನೂ ಕೇಳಿದ್ದನ್ನೂ ಅನುಭವಿಸಿದ್ದನ್ನೂ ಬರೆದರು. ಜೆನ್ನಿಂಗ್ಸ್ ಮತ್ತು ಮ್ಯಾಜ್ ಅವರು ಇತರರೊಡನೆ ಕೂಡಿ ಸಂಪಾದಿಸಿದರು. ಸಂಪಾದಕಮಂಡಲಿಯಲ್ಲಿ 'ಸೆವೆನ್ ಟೈಪ್ಸ್ ಆಫ್ ಆಂಬಿಗ್ವಿಟಿ'ಯ ಕರ್ತರಾದ ವಿಲಿಯಂ ಎಂಪ್ಸನ್ನರೂ ಇದ್ದರೆಂಬುದು ಸಾಹಿತ್ಯದ ಅಧ್ಯಾಪಕರು ಗಮನಿಸತಕ್ಕ ಸಂಗತಿ. ಪತ್ರಿಕೆಗಳು ಬರೆದ ಪಟ್ಟಾಭಿಷೇಕವೇ ಬೇರೆ, ಇಲ್ಲಿಯ ಪಟ್ಟಾಭಿಷೇಕವೇ ಬೇರೆ. ಲಂಡನ್ನಿನ ಬಸ್ಸುಗಳವರು ಮುಷ್ಕರ ಹೂಡಿದ್ದಾರೆ, ಮಳೆ ಬರುತ್ತದೆ, ರೇಡಿಯೋ ಕೇಳುವಾಗ ರಾಷ್ಟ್ರಗೀತೆಗೆ ಏಳಬೇಕೆ ಬೇಡವೆ ಎಂದು ಮನೆಯವರು ಒಬ್ಬರ ಮುಖವನ್ನೊಬ್ಬರು ನೋಡುತ್ತಾರೆ. ಒಂದು ಮಹೋತ್ಸವವು ಸಾವಿರ ಸಣ್ಣ ಸಂಕೋಚಗಳಾಗಿ ಒಡೆದು ಕಾಣುತ್ತದೆ.

ಸಂಪಾದಕರು ಇವೆಲ್ಲವನ್ನೂ ತುಂಡುತುಂಡಾಗಿ ಕತ್ತರಿಸಿ, ಸಂಖ್ಯೆ ಹಾಕಿ, ಚಲಚ್ಚಿತ್ರದಲ್ಲಿ ದೃಶ್ಯಗಳನ್ನು ಜೋಡಿಸುವಂತೆ ಜೋಡಿಸಿದರು. ಇದ್ದುದನ್ನು ಇದ್ದಂತೆಯೇ ಮುಂದಿಟ್ಟಿದ್ದೇವೆ ಎಂಬುದು ಅವರ ಭಾವನೆ. ಇಲ್ಲಿ ಅಲಂಕಾರಶಾಸ್ತ್ರದ ಹಳೆಯ ವಾದವೊಂದು ನೆನಪಿಗೆ ಬರುತ್ತದೆ. ದಂಡಿಯು ಸ್ವಭಾವೋಕ್ತಿಯನ್ನು ಅಲಂಕಾರಗಳಲ್ಲಿ ಮೊದಲನೆಯದಾಗಿ ಎಣಿಸಿದನು; ಕುಂತಕನು ಅದನ್ನು ಒಪ್ಪಲಿಲ್ಲ. ವಸ್ತುವಿನ ಸ್ವಭಾವವು ಅಲಂಕಾರಕ್ಕೆ ಗುರಿಯಾಗತಕ್ಕದ್ದು. ಅದೇ ಅಲಂಕಾರವಾಗುವುದು ಹೇಗೆ ಎಂಬುದು ಅವನ ಆಕ್ಷೇಪಣೆ. ಈ ವಾದದ ಇತ್ಯರ್ಥ ಏನೇ ಇರಲಿ, ಇದ್ದಂತೆ ಹೇಳುವುದೂ ಒಂದು ಉಕ್ತಿಯೇ, ಉಕ್ತಿಯಾದ ಮೇಲೆ ಹೇಳುವವನೊಬ್ಬನು ಇದ್ದೇ ಇದ್ದಾನೆ ಎಂಬುದನ್ನು ಎರಡು ಪಕ್ಷದವರೂ ಅಲ್ಲಗಳೆಯರು. 'ಮೇ ದಿ ಟ್ವೆಲ್ಫ್ತ್' ಗ್ರಂಥದಲ್ಲಿ ಹೇಳುವವರು ಇನ್ನೂರು ಮಂದಿಯೆಂದು ತೋರಿದರೂ ಕತ್ತರಿ ಹಿಡಿದವರು ಕೆಲವರೇ. ಒಬ್ಬನ ದಿನವು ಮೂರು ತುಂಡಾಗಿ ಮೂರು ಅಧ್ಯಾಯಗಳಲ್ಲಿ ಹರಡಿಹೋದಾಗ ದಿನ ಉಳಿಯಿತು, ಆ ಒಬ್ಬನು ಉಳಿಯಲಿಲ್ಲ.

ಶಾಸ್ತ್ರಜ್ಞರ ಆಕ್ಷೇಪಣೆಗಳು ಬೇರೆ ತೆರನಾದುವು. ಮರಿಯೆಂಟಾಲಿನ ಶೋಧಕಿ ಯಹೋಡಾ ಅವರು 1938ರಲ್ಲಿ, ಮಾನವಶಾಸ್ತ್ರಜ್ಞ ರೇಮಂಡ್ ಫರ್ತ್ ಅವರು 1939ರಲ್ಲಿ ಈ ಸಂಸ್ಥೆಯ ವಿಧಾನವನ್ನು ಕಟುವಾಗಿ ಪರೀಕ್ಷಿಸಿದರು. ಬರೆದು ಕಳುಹಿಸುವವರು ಜನತೆಗೆ ಪ್ರತಿನಿಧಿಗಳೇ, ಸಿದ್ಧಾಂತವಿಲ್ಲದೆ ಕೂಡಿಹಾಕಿದ ಸಂಗತಿಗಳು ಶಾಸ್ತ್ರವಾಗುವುವೇ ಎಂಬುವು ಆ ಬಗೆಯ ಪ್ರಶ್ನೆಗಳು. ಮಾಲಿನೋವ್‌ಸ್ಕಿಯವರು ಸಂಸ್ಥೆಯ ಮೊದಲ ವರ್ಷದ ಕಾರ್ಯವನ್ನು ಕುರಿತು 1938ರಲ್ಲಿ ಬಂದ ಗ್ರಂಥಕ್ಕೆ ದೀರ್ಘವಾದ ಲೇಖನವನ್ನು ಬರೆದು, ಉದ್ದೇಶವನ್ನು ಮೆಚ್ಚಿ, ವಿಧಾನವನ್ನು ತಿದ್ದಲು ಯತ್ನಿಸಿದರು. ಪ್ರಾತಿನಿಧ್ಯದ ಆಕ್ಷೇಪಣೆ ಸರಿಯಾದುದೇ. ಬರೆಯಲು ಬಿಡುವೂ ಅಭ್ಯಾಸವೂ ಉಳ್ಳವರು ಹೆಚ್ಚಾಗಿ ಮಧ್ಯಮವರ್ಗದವರು. ಆದರೆ ಪ್ರಾತಿನಿಧ್ಯವೊಂದೇ ಸತ್ಯದ ಅಳತೆಯಲ್ಲ. ಒಬ್ಬಳ ಬಾಳನ್ನು ಪೂರ್ತಿಯಾಗಿ ತಿಳಿದರೆ ಅದರಿಂದ ಬರುವ ಅರಿವು ಸಾವಿರ ಮಂದಿಗೆ ಕೇಳಿದ ಒಂದು ಪ್ರಶ್ನೆಯಿಂದ ಬರುವುದಿಲ್ಲ. ಇದಕ್ಕೆ ಪ್ರಮಾಣವು ಯುದ್ಧಕಾಲದ ದಿನಚರಿಗಳಲ್ಲಿ ದೊರೆಯುತ್ತದೆ.

5

1939ರಲ್ಲಿ ಯುದ್ಧ ಹತ್ತಿರವಾದಾಗ ಸಂಸ್ಥೆಯು ತಿಂಗಳಿಗೊಂದು ದಿನ ಸಾಲದೆಂದು, ಎಲ್ಲ ದಿನಗಳನ್ನೂ ಬರೆಯುವಂತೆ ತನ್ನ ಸ್ವಯಂಸೇವಕರನ್ನು ಕೇಳಿತು. ಯುದ್ಧಕಾಲದಲ್ಲಿ ಸುಮಾರು 500 ಮಂದಿ ಇಂಥ ದಿನಚರಿಗಳನ್ನು ಕಳುಹಿಸಿದರು. ಅದೇ ವರ್ಷ ಸಂಸ್ಥೆಯು ಸರಕಾರದ ಭಿತ್ತಿಪತ್ರಗಳ ವಿಚಾರದಲ್ಲಿ ನಡೆಸಿದ ಪರೀಕ್ಷೆಯೊಂದು ಭಾಷಾಭ್ಯಾಸಿಗಳಿಗೆ ಪ್ರಿಯವಾಗತಕ್ಕದ್ದು. ಧೈರ್ಯ, ಉಲ್ಲಾಸ, ಸಂಕಲ್ಪಗಳು ನಿಮ್ಮವು, ಅವುಗಳಿಂದ ಗೆಲವು ನಮಗೆ ಎಂಬ ಅರ್ಥದ ಘೋಷಣೆಯೊಂದನ್ನು ಸರಕಾರ ಊರೂರಿನ ಗೋಡೆಗಳ ಮೇಲೆ ಹಚ್ಚಿಸಿತ್ತು. ಆ 'ನಿಮ್ಮ' ಮತ್ತು 'ನಮಗೆ' ಎಂಬ ಸರ್ವನಾಮಗಳ ನಡುವಣ ಅಂತರವೇ ಜನರನ್ನು ಚುಚ್ಚುತ್ತದೆ, ಪಾಡು ಒಬ್ಬರದು ಫಲ ಇನ್ನೊಬ್ಬರದು ಎಂಬಂತೆ ಕೇಳಿಸುತ್ತದೆ ಎಂದು ಶೋಧನೆಯಿಂದ ಹೊರಬಿದ್ದಿತು. ಆಳುವವರು ಕಾಣದ ಭೇದವನ್ನು ಓದುವ ಜನ ಕಂಡಿದ್ದರು.

ದಿನಚರಿ ಬರೆದವರಲ್ಲಿ ಇಂದು ಹೆಚ್ಚು ಪ್ರಸಿದ್ಧರಾದವರು ನೆಲ್ಲಾ ಲಾಸ್ಟ್. ಹಡಗು ಕಟ್ಟುವ ಊರಾದ ಬ್ಯಾರೋ-ಇನ್-ಫರ್ನೆಸ್ಸಿನ ಗೃಹಿಣಿ. 1939ರಲ್ಲಿ ಬರೆಯತೊಡಗಿದಾಗ ವಯಸ್ಸು 49. ಯುದ್ಧ ಮುಗಿದರೂ ಬರೆಯುವುದನ್ನು ನಿಲ್ಲಿಸದೆ 1966ರ ವರೆಗೂ ಬರೆದರು. ಯುದ್ಧಕಾಲದ ಭಾಗವು 1981ರಲ್ಲಿ ಗ್ರಂಥರೂಪವಾಗಿ ಬಂದಿತು. ಪಡಿತರದ ಅಡಿಗೆ, ಸೇನೆಗೆ ಸೇರಿದ ಕಿರಿಯ ಮಗನ ಚಿಂತೆ, ಹೆಂಗಸರ ಸೇವಾಸಂಘದಲ್ಲಿ ಮಾಡಿದ ದುಡಿಮೆ, 1941ರ ಬಾಂಬುದಾಳಿಯಲ್ಲಿ ಜಖಂಗೊಂಡ ಮನೆ: ಇವೆಲ್ಲ ಅದರಲ್ಲಿ ಉಂಟು. ಆದರೆ ಗ್ರಂಥದ ತಿರುಳು ಬೇರೆ. ಮಾತು ಕಡಮೆಯ, ಹೆಂಡತಿ ಮನೆಯಲ್ಲಿಯೇ ಇರಬೇಕೆನ್ನುವ ಗಂಡನೊಡನೆ ಬಹುವರ್ಷ ಬಾಳಿದ ಹೆಂಗಸು, ಹೊರಗಿನ ಕೆಲಸ ದೊರೆತ ಮೇಲೆ ತನಗೂ ಒಂದು ಮನಸ್ಸುಂಟೆಂದು ಮೆಲ್ಲಮೆಲ್ಲನೆ ಕಂಡುಕೊಳ್ಳುವುದೇ ಆ ತಿರುಳು. ಇದನ್ನು ಆಕೆ ಒಂದು ದಿನ ನಿರ್ಧರಿಸಿ ಬರೆದುದಲ್ಲ. ಇಂದಿನ ಪುಟದಲ್ಲಿ ಒಂದು ಬೇಸರ, ನಾಳಿನ ಪುಟದಲ್ಲಿ ಒಂದು ಹಟ, ತಿಂಗಳ ಮೇಲೆ ಒಂದು ನಗೆ. ಓದುತ್ತ ಹೋದವರಿಗೆ ಬದಲಾವಣೆ ಕಾಣುತ್ತದೆ. ಬೋಲ್ಟನ್ನಿನ ಪಾನಗೃಹದಲ್ಲಿ ಗಡಿಯಾರ ಹಿಡಿದು ಕೂತವರಿಗೆ ಇದು ಎಂದೂ ದೊರೆಯತಕ್ಕದ್ದಲ್ಲ. ಆಕೆ ತನ್ನ ಬಾಳನ್ನು ಒಬ್ಬ ಶೋಧಕನ ಪ್ರಶ್ನೆಗೆ ಉತ್ತರವಾಗಿ ಬರೆಯತೊಡಗಿ, ಕೊನೆಗೆ ತನ್ನ ಪ್ರಶ್ನೆಗೆ ತಾನೇ ಉತ್ತರವಾಗಿ ಬರೆದಳು. ಶೋಧನೆಯು ಸಾಹಿತ್ಯವಾಗುವ ಸ್ಥಳ ಇದೇ.

ಹ್ಯಾರಿಸನ್ನರ 1976ರ ಗ್ರಂಥ ಹುಟ್ಟಿದುದು ಈ ಬರಹರಾಶಿಯಿಂದ. ಯುದ್ಧವಾಗಿ ಮೂವತ್ತು ವರ್ಷಗಳ ಮೇಲೆ, ಅಂದು ಬರೆದವರಲ್ಲಿ ಕೆಲವರನ್ನು ಹುಡುಕಿ, ಹಳೆಯ ಬರಹವನ್ನು ನೋಡದೆ ಅದೇ ಸಂಗತಿಗಳನ್ನು ನೆನಪಿನಿಂದ ಮತ್ತೆ ಬರೆಯುವಂತೆ ಅವರು ಕೇಳಿದರು. ಎರಡಕ್ಕೂ ತಾಳೆಯಾಗಲಿಲ್ಲ. ನೆನಪು ಭಯವನ್ನು ನಯಮಾಡಿತ್ತು. ಗೊಂದಲಕ್ಕೆ ಕ್ರಮ ಕೊಟ್ಟಿತ್ತು. ರಾಷ್ಟ್ರದ ಕಥೆಗೆ ತನ್ನ ಕಥೆಯನ್ನು ಹೊಂದಿಸಿಕೊಂಡಿತ್ತು. ಆದಕಾರಣ ಅಂದಂದಿನ ಬರಹವೇ ಪ್ರಮಾಣವೆಂಬುದು ಅವರ ಸಿದ್ಧಾಂತ. ಆ ವರ್ಷದ ಆರಂಭದಲ್ಲಿಯೇ ಅವರು ಥಾಯ್ಲೆಂಡಿನಲ್ಲಿ ವಾಹನಾಪಘಾತದಿಂದ ತೀರಿಕೊಂಡುದರಿಂದ ಅದು ಅವರ ಕೊನೆಯ ಮಾತೂ ಆಯಿತು.

6

ಅದೇ ವರ್ಷ ಪ್ರಕಟವಾದ ಶ್ರೀನಿವಾಸರ ಗ್ರಂಥದ ಹಿಂದೆ ಒಂದು ದುರಂತವುಂಟು. ಆಕ್ಸ್‌ಫರ್ಡಿನಲ್ಲಿ ಓದಿ ಅಲ್ಲಿಯೇ ಅಧ್ಯಾಪಕಸ್ಥಾನ ದೊರೆತಿದ್ದ ಅವರು 1948ರಲ್ಲಿ ಮೈಸೂರು ಸೀಮೆಯ ಹಳ್ಳಿಯೊಂದರಲ್ಲಿ ಹಲವು ತಿಂಗಳು ನೆಲಸಿದರು. 1952ರ ಬೇಸಗೆಯಲ್ಲಿ ಮತ್ತೆ ಹೋದರು. ಗ್ರಂಥದಲ್ಲಿ ಹಳ್ಳಿಗೆ 'ರಾಂಪುರ' ಎಂಬ ಮಾರುಹೆಸರು. ಆಗ ಬರೆದುಕೊಂಡುದನ್ನು 18 ವರ್ಷಗಳಲ್ಲಿ ಸಂಸ್ಕರಿಸಿ ವಿಂಗಡಿಸಿದ ಟಿಪ್ಪಣಿಗಳ ಮೂರು ಪ್ರತಿಗಳೂ ಕ್ಯಾಲಿಫೋರ್ನಿಯದ ಸ್ಟ್ಯಾನ್‌ಫರ್ಡಿನ ವಿದ್ವತ್ಕೇಂದ್ರದಲ್ಲಿ ಅವರ ಕೊಠಡಿಯಲ್ಲಿದ್ದಾಗ, 1970ರ ಏಪ್ರಿಲ್ 24ರಂದು ದುಷ್ಕರ್ಮಿಗಳು ಹಚ್ಚಿದ ಬೆಂಕಿಯಲ್ಲಿ ಸುಟ್ಟುಹೋದುವು. ಸಾಲ್ ಟ್ಯಾಕ್ಸ್ ಎಂಬ ಅಮೆರಿಕದ ಮಾನವಶಾಸ್ತ್ರಜ್ಞರು, ನೆನಪಿನಿಂದಲೇ ಬರೆಯಿರಿ ಎಂದು ಸೂಚಿಸಿದರು. ಹಾಗೆ ಹುಟ್ಟಿದುದು ಈ ಗ್ರಂಥ.

ಹ್ಯಾರಿಸನ್ನರ ಸಿದ್ಧಾಂತವು ನಿಜವಾದರೆ ಈ ಗ್ರಂಥವು ಅಪ್ರಮಾಣವಾಗಬೇಕು. ಆದರೆ ಓದಿದವರು ಹಾಗೆ ಭಾವಿಸಲಿಲ್ಲ. ಭಾರತದ ಹಳ್ಳಿಯನ್ನು ಕುರಿತ ಕೃತಿಗಳಲ್ಲಿ ಇದಕ್ಕೆ ಮೇಲಾದ ಸ್ಥಾನ ದೊರೆಯಿತು. ಕಾರಣವೇನು? ಗ್ರಂಥದ ಅಧ್ಯಾಯಗಳನ್ನು ನೋಡಿದರೆ ಉತ್ತರ ಸಿಕ್ಕುತ್ತದೆ. ಬೇಸಾಯ, ಮನೆತನ, ಜಾತಿಜಾತಿಗಳ ಸಂಬಂಧ, ಪಕ್ಷಪ್ರತಿಪಕ್ಷ, ದೇವರು ಎಂಬ ವಿಷಯಗಳ ಜೊತೆಗೆ ಜನರ ನಡುವಣ ಸಂಬಂಧಗಳ ಗುಣವನ್ನೇ ವಸ್ತುವಾಗಿ ಮಾಡಿಕೊಂಡ ಒಂದು ಅಧ್ಯಾಯವುಂಟು. ಸ್ನೇಹ, ವೈರ, ಹೊಟ್ಟೆಕಿಚ್ಚು, ಹರಟೆ, ಹಾಸ್ಯ ಇವು ಅಲ್ಲಿಯ ವಿಚಾರ. 'ಮುಯ್ಯಿ' ಎಂಬ ಕನ್ನಡದ ಮಾತಿನಲ್ಲಿ ಎಷ್ಟು ಸಮಾಜಶಾಸ್ತ್ರ ಅಡಗಿದೆಯೆಂಬುದು ಅಲ್ಲಿ ತಿಳಿಯುತ್ತದೆ. ಮದುವೆಯ ಉಡುಗೊರೆಗೂ ಮುಯ್ಯಿ, ಹೊಲದ ಕೆಲಸಕ್ಕೂ ಮುಯ್ಯಿ, ಹಗೆ ತೀರಿಸುವುದಕ್ಕೂ ಮುಯ್ಯಿ. ಕೊಟ್ಟುದನ್ನು ಹಿಂದಿರುಗಿಸಬೇಕೆಂಬ ಒಂದೇ ನಿಯಮ ಉಪಕಾರ ಅಪಕಾರಗಳೆರಡನ್ನೂ ಆಳುತ್ತದೆ. ಇದು ಯಾವುದೋ ಒಂದು ದಿನ ನಡೆದ ಸಂಗತಿಯಲ್ಲ. ದಿನದಿನವೂ ನಡೆದು ನಡೆದು ನಿಯಮವಾದದ್ದು. ಇಂಥದನ್ನು ನೆನಪು ಮರೆಯುವುದಿಲ್ಲ. ತಾರೀಖುಗಳು ಬಿದ್ದುಹೋದ ಮೇಲೆಯೇ ಅದು ಸ್ಪಷ್ಟವಾಗಿ ಕಾಣುವುದೂ ಉಂಟು.

ಕನ್ನಡದಲ್ಲಿ 'ದಿನನಿತ್ಯ' ಎಂಬ ಜೋಡುಪದವನ್ನು ಒಂದೇ ಅರ್ಥದ ಎರಡು ಮಾತುಗಳೆಂಬಂತೆ ಬಳಸುವುದು ರೂಢಿ. ವಿಚಾರಮಾಡಿದರೆ ಅವು ಎರಡು ಅರ್ಥಗಳು. ದಿನವೆಂಬುದು ಇಂದು ನಡೆದು ನಾಳೆ ಇಲ್ಲವಾಗುವುದು. ನಿತ್ಯವೆಂಬುದು ದಿನಗಳು ಹೋದರೂ ಉಳಿಯುವುದು. ಸಾಧಾರಣ ಜನರ ಬಾಳಿನಲ್ಲಿ ಎರಡೂ ಹೆಣೆದುಕೊಂಡಿರುತ್ತವೆ. ಬಾಂಬು ಬಿದ್ದ ರಾತ್ರಿ ಏನು ಅನಿಸಿತೆಂಬುದು ದಿನದ ಸತ್ಯ. ಅದಕ್ಕೆ ದಿನಚರಿಯೇ ಪ್ರಮಾಣ, ನೆನಪು ಅಲ್ಲಿ ಸುಳ್ಳು ಸಾಕ್ಷಿ. ನೆರೆಯವನ ಋಣವನ್ನು ಹೇಗೆ ತೀರಿಸಬೇಕೆಂಬುದು ನಿತ್ಯದ ಸತ್ಯ. ಅದಕ್ಕೆ ನೆನಪು ಒಳ್ಳೆಯ ಸಾಕ್ಷಿ. ಹ್ಯಾರಿಸನ್ನರು ದಿನವನ್ನು ಕೇಳಿದರು, ನೆನಪು ಸೋತಿತು. ಶ್ರೀನಿವಾಸರು ನಿತ್ಯವನ್ನು ಕೇಳಿದರು, ನೆನಪು ಗೆದ್ದಿತು. ಇಬ್ಬರ ವಿರೋಧಕ್ಕೆ ಸಮಾಧಾನ ಇದು.

7

ಆದರೆ ವಿಮರ್ಶೆಯು ಇಷ್ಟಕ್ಕೆ ನಿಲ್ಲತಕ್ಕದ್ದಲ್ಲ. ನಿತ್ಯವನ್ನು ನೆನೆಯುವವರು ಯಾರೆಂಬ ಪ್ರಶ್ನೆ ಉಳಿಯುತ್ತದೆ. ಶ್ರೀನಿವಾಸರ ವಾಸ ಹಳ್ಳಿಯ ಮುಖಂಡರ ಎತ್ತಿನ ಮನೆಯಲ್ಲಿ. ಗ್ರಂಥದಲ್ಲಿ ವಿಸ್ತಾರವಾಗಿ ಚಿತ್ರಿತರಾದ ಮೂವರು ಪ್ರಮುಖರೂ ಗಂಡಸರು. ಮೇಲುಜಾತಿಯ ಗಂಡಸಾದ ತನಗೆ ಹರಿಜನರ ಕೇರಿಯೊಡನೆ ಸಾಕಷ್ಟು ಬಳಕೆಯಾಗಲಿಲ್ಲವೆಂದೂ, ಹೆಂಗಸರ ಲೋಕವು ಬಹುಮಟ್ಟಿಗೆ ಮುಚ್ಚಿತ್ತೆಂದೂ, ಕೇರಿಯ ಕಡೆಯಿಂದ ನೋಡಿದ್ದರೆ ಹಳ್ಳಿಯೇ ಬೇರೆಯಾಗಿ ಕಾಣುತ್ತಿತ್ತೆಂದೂ ಗ್ರಂಥಕರ್ತರೇ ಒಪ್ಪಿಕೊಂಡಿದ್ದಾರೆ. ಈ ಒಪ್ಪಿಗೆಯು ಗ್ರಂಥದ ಗೌರವವನ್ನು ಹೆಚ್ಚಿಸುತ್ತದೆ. ಮೇಹ್ಯೂ ತಮ್ಮ ಪ್ರಶ್ನೆಗಳನ್ನು ಅಳಿಸಿದರು. ಜೆನ್ನಿಂಗ್ಸರು ಕತ್ತರಿಯನ್ನು ಮರೆಮಾಡಿದರು. ಶ್ರೀನಿವಾಸರು ತಾವು ನಿಂತು ನೋಡಿದ ಜಗಲಿಯನ್ನು ತೋರಿಸಿಕೊಟ್ಟರು. ಆದರೂ ಒಪ್ಪಿಗೆಯಿಂದ ಕೊರತೆ ತುಂಬುವುದಿಲ್ಲ. ರಾಂಪುರದ ನೆನಪು ರಾಂಪುರದವರ ನೆನಪಲ್ಲ. ಮುಯ್ಯಿಯ ನಿಯಮವು ಸಮಾನರ ನಡುವೆ ಎಷ್ಟು ಹಿತವಾಗಿ ಕಾಣುತ್ತದೆಯೋ, ಕೊಟ್ಟುದನ್ನು ಎಂದೂ ಹಿಂದಕ್ಕೆ ಪಡೆಯಲಾರದ ಆಳಿಗೂ ಅವನ ಹೆಂಡತಿಗೂ ಹಾಗೆಯೇ ಕಂಡೀತೇ ಎಂಬುದನ್ನು ಅವರೇ ಹೇಳಬೇಕಾಗಿತ್ತು. ನೆನಪು ನಿತ್ಯವನ್ನು ಹಿಡಿದುಕೊಡುವಾಗ ಅದರೊಳಗಿನ ಅನ್ಯಾಯವನ್ನೂ ನಿತ್ಯವೆಂಬಂತೆ ಹಿಡಿದುಕೊಡುವ ಅಪಾಯವುಂಟು. ನೆಲ್ಲಾ ಲಾಸ್ಟರ ದಿನಚರಿಯ ಮಹತ್ವ ಇಲ್ಲಿ ಮತ್ತೆ ತೋರುತ್ತದೆ. ಮನೆಯೊಳಗಿನ ನಿತ್ಯವು ಬದಲಾಗಬಲ್ಲುದೆಂಬುದನ್ನು ಆಕೆ ದಿನದಿನದ ಬರಹದಿಂದ ಕಂಡುಕೊಂಡಳು. ಹತ್ತಾರು ವರ್ಷಗಳ ಮೇಲೆ ನೆನಪಿನಿಂದ ಬರೆದಿದ್ದರೆ ಬದಲಾವಣೆಯ ಮೆಟ್ಟಿಲುಗಳು ಅಳಿಸಿಹೋಗುತ್ತಿದ್ದುವು.

ಈ ಎರಡು ಪರಂಪರೆಗಳನ್ನು ಬಲ್ಲ ವಿದ್ವಾಂಸರೊಬ್ಬರ ಕೈಯಲ್ಲಿಯೇ ಜನಾವಲೋಕನವು ಮರುಹುಟ್ಟು ಪಡೆಯಿತೆಂಬುದು ಗಮನಾರ್ಹ. ಸಂಸ್ಥೆಯ ಕಾಗದಪತ್ರಗಳು 1970ರಲ್ಲಿ ಸಸೆಕ್ಸ್ ವಿಶ್ವವಿದ್ಯಾನಿಲಯಕ್ಕೆ ಸೇರಿ 1975ರಲ್ಲಿ ಓದುಗರಿಗೆ ತೆರೆದುವು. ಗುಜರಾತಿನ ಪಾಟೀದಾರರ ನಡುವೆ ಕ್ಷೇತ್ರಕಾರ್ಯ ಮಾಡಿದ್ದ, ಲೂಯಿ ದ್ಯುಮೊ ಅವರೊಡನೆ 1957ರಲ್ಲಿ ಭಾರತೀಯ ಸಮಾಜಶಾಸ್ತ್ರದ ಪತ್ರಿಕೆಯೊಂದನ್ನು ಆರಂಭಿಸಿದ್ದ ಡೇವಿಡ್ ಪೋಕಾಕರು, ಡೊರೊತಿ ಶೆರಿಡನ್ನರೊಡನೆ 1981ರಲ್ಲಿ ಹೊಸ ಬರಹಗಾರರನ್ನು ಕರೆದರು. ಅವರು ಬೋಲ್ಟನ್ನಿನ ಮಾರ್ಗವನ್ನು ಹಿಡಿಯಲಿಲ್ಲ. ಜನ ತಮ್ಮ ಬಾಳನ್ನು ತಾವೇ ಬರೆಯುವ ಮಾರ್ಗವನ್ನು ಹಿಡಿದರು. ಒಂದು ಕಾಲದಲ್ಲಿ ಶಾಸ್ತ್ರಕ್ಕೆ ದೂರವೆನಿಸಿಕೊಂಡ ಕವಲೇ ಕಾಲಕ್ಕೆ ನಿಂತಿತು.

ಇವೆಲ್ಲದರಿಂದ ಸಾಹಿತ್ಯದ ಅಧ್ಯಾಪಕರಿಗೆ ತಿಳಿಯತಕ್ಕದ್ದು ಇಷ್ಟು. ಸಾಧಾರಣ ಜನರ ಬಾಳನ್ನು ಕುರಿತ ಗ್ರಂಥವೊಂದು ಕೈಗೆ ಬಂದಾಗ ಅದರಲ್ಲಿರುವ ಸಂಗತಿಗಳು ನಿಜವೇ ಎಂದು ಮಾತ್ರ ಕೇಳಿದರೆ ಸಾಲದು. ಅದು ದಿನವನ್ನು ಹೇಳುತ್ತದೆಯೋ ನಿತ್ಯವನ್ನು ಹೇಳುತ್ತದೆಯೋ, ಹೇಳುವವನು ತನ್ನ ನೆಲೆಯನ್ನು ತೋರಿಸಿದ್ದಾನೆಯೇ ಎಂದು ಕೇಳಬೇಕು. ಲೇಖನಿಯು ಯಾರ ಕೈಯಲ್ಲಿತ್ತೆಂಬುದನ್ನು ಎಲ್ಲಕ್ಕೂ ಮಿಗಿಲಾಗಿ ಕೇಳಬೇಕು. ಬ್ಯಾರೋ ಊರಿನ ಗೃಹಿಣಿಯ ಕೈಗೆ ಅದು ಬಂದಿತು; 1948ರಲ್ಲಿ ರಾಂಪುರದ ಕೇರಿಯಲ್ಲಿದ್ದವರ ಕೈಗೆ ಬರಲಿಲ್ಲ. ಒಬ್ಬ ಸಹೃದಯ ವಿದ್ವಾಂಸರು ಆ ಹಳ್ಳಿಯನ್ನು ನೆನಪಿನಲ್ಲಿ ಉಳಿಸಿದುದಕ್ಕೆ ಕನ್ನಡನಾಡು ಋಣಿಯಾಗಿದೆ. ಆ ಕೇರಿಯವರು ಅದೇ ವರ್ಷಗಳನ್ನು ಹೇಗೆ ನೆನೆದರೆಂಬ ಗ್ರಂಥವನ್ನು ಅದರ ಪಕ್ಕದಲ್ಲಿಟ್ಟು ಓದುವಂತಾದಾಗ ಆ ಋಣವು ಸಂದಾಯವಾಗುತ್ತದೆ.